ರುಜುವಾತು

ನ್ಯಾಯಾಲಯದ ಮುಂದಿರುವ ಸಂಗತಿಯೊಂದನ್ನು ನ್ಯಾಯಾಧೀಶರು ಕಾನೂನು ಹೇಳಿದ ಕ್ರಮದಲ್ಲಿ ತೂಗಿನೋಡಿ ನಿಜವೆಂದು ಒಪ್ಪಿಕೊಂಡರೆ ಅದು ರುಜುವಾತಾಯಿತು ಎನ್ನುತ್ತಾರೆ. ಸಾಬೀತು ಎಂಬ ಮಾತೂ ಕರ್ನಾಟಕದ ಕೋರ್ಟುಗಳಲ್ಲಿ ಇದೇ ಅರ್ಥಕ್ಕೆ ಓಡಾಡುತ್ತದೆ. ಇಂಗ್ಲಿಷಿನ ‘ಪ್ರೂವ್’ ಎಂಬ ಕ್ರಿಯಾಪದದಿಂದ ಭಾರತದ ಕಾನೂನು ಮೂರು ಪಾರಿಭಾಷಿಕ ಪದಗಳನ್ನು ಮಾಡಿಕೊಂಡು, ಮೂರಕ್ಕೂ ಬೇರೆ ಬೇರೆ ವ್ಯಾಖ್ಯೆ ಕೊಟ್ಟಿದೆ: ರುಜುವಾತಾದದ್ದು, ಸುಳ್ಳೆಂದು ರುಜುವಾತಾದದ್ದು, ರುಜುವಾತಾಗದೆ ಉಳಿದದ್ದು. 1872ರ ಭಾರತ ಸಾಕ್ಷ್ಯ ಕಾಯ್ದೆಯ 3ನೇ ಕಲಮಿನಲ್ಲಿದ್ದ ಈ ವ್ಯಾಖ್ಯೆಗಳು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 2ನೇ ಕಲಮಿನಲ್ಲಿ ಹಾಗೆಯೇ ಮುಂದುವರಿದಿವೆ. ಕಾಯ್ದೆಯ ಹೆಸರು ಬದಲಾಯಿತು, ಕಲಮುಗಳು 167ರಿಂದ 170ಕ್ಕೆ ಏರಿದವು, ಅವುಗಳ ಸಂಖ್ಯೆಗಳು ಹಿಂದುಮುಂದಾದವು. ಆದರೆ ಈ ಮೂರು ಪದಗಳ ಅರ್ಥ ಕದಲಲಿಲ್ಲ. ದೇಶದ ಪ್ರತಿಯೊಂದು ಸಿವಿಲ್ ದಾವೆ, ಪ್ರತಿಯೊಂದು ಕ್ರಿಮಿನಲ್ ಮೊಕದ್ದಮೆ ಕೊನೆಗೆ ಬಂದು ನಿಲ್ಲುವುದು ಇವುಗಳಲ್ಲಿ ಒಂದರ ಮೇಲೆ.

1872ರ ಕಾಯ್ದೆಯನ್ನು ಬರೆದವರು ವೈಸರಾಯ್ ಮಂಡಲಿಯ ಕಾನೂನು ಸದಸ್ಯರಾಗಿದ್ದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಅವರಿಗೆ ಮೊದಲು ಅದೇ ಹುದ್ದೆಯಲ್ಲಿದ್ದ ಹೆನ್ರಿ ಮೇನ್ 1868ರಲ್ಲಿ ಮಂಡಿಸಿದ್ದ ಕರಡು ಈ ದೇಶಕ್ಕೆ ಒಗ್ಗುವುದಿಲ್ಲವೆಂದು ಬಿದ್ದುಹೋಗಿತ್ತು. ಇಂಗ್ಲೆಂಡಿನ ಸಾಕ್ಷ್ಯ ನಿಯಮಗಳು ಜ್ಯೂರಿಯನ್ನು ಎದುರಿಗಿಟ್ಟುಕೊಂಡು, ತೀರ್ಪಿನಿಂದ ತೀರ್ಪಿಗೆ ಬೆಳೆದು ತೊಡಕಾಗಿದ್ದವು. ಭಾರತದಲ್ಲಿ ಬಹುಪಾಲು ಮೊಕದ್ದಮೆಗಳನ್ನು ನ್ಯಾಯಾಧೀಶರೊಬ್ಬರೇ ಕೇಳಿ ತೀರ್ಮಾನಿಸುತ್ತಿದ್ದರು. ಅವರಲ್ಲಿ ಅನೇಕರಿಗೆ ಕಾನೂನಿನ ತರಬೇತಿ ಇರಲಿಲ್ಲ, ಗ್ರಂಥಾಲಯವೂ ಇರಲಿಲ್ಲ. ಅಂಥವರ ಕೈಗೆ ಕೊಡುವ ಪುಸ್ತಕದಲ್ಲಿ ‘ರುಜುವಾತು’ ಎಂದರೇನು ಎಂಬುದನ್ನು ಊಹೆಗೆ ಬಿಡದೆ ಬರೆದುಬಿಡಬೇಕೆಂದು ಸ್ಟೀಫನ್ ನಿಶ್ಚಯಿಸಿದರು. 1872ರ ಸೆಪ್ಟೆಂಬರ್ 1ರಿಂದ ಕಾಯ್ದೆ ಜಾರಿಗೆ ಬಂತು. ಮುಂದೆ 1893ರಲ್ಲಿ ಮಲಯದ ಸ್ಟ್ರೇಟ್ಸ್ ಸೆಟ್ಲ್‌ಮೆಂಟ್ಸ್, 1895ರಲ್ಲಿ ಸಿಲೋನ್ ಇದೇ ಮಾದರಿಯಲ್ಲಿ ತಮ್ಮ ಶಾಸನಗಳನ್ನು ಮಾಡಿಕೊಂಡವು. ಸ್ವದೇಶಕ್ಕೆ ಮರಳಿದ ಸ್ಟೀಫನ್ ಇಂಗ್ಲೆಂಡಿಗೂ ಇಂಥದೊಂದು ಸಂಹಿತೆ ಮಾಡಿಸಲು ಯತ್ನಿಸಿದರು, ಅದು ಕೈಗೂಡಲಿಲ್ಲ.

ರುಜುವಾತಿನ ಚಿಂತನೆ ಈ ನೆಲಕ್ಕೆ ಸ್ಟೀಫನ್ ಅವರೊಂದಿಗೆ ಬಂದದ್ದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಹಿಂದೂ ಉತ್ತರಾಧಿಕಾರದ ವಿಷಯದಲ್ಲಿ ಹೆಸರಾದಷ್ಟು ಸಾಕ್ಷ್ಯದ ವಿಷಯದಲ್ಲಿ ಹೆಸರಾಗಲಿಲ್ಲ. ಆ ಸ್ಮೃತಿಯ ವ್ಯವಹಾರಾಧ್ಯಾಯ ಮನುಷ್ಯರಿಂದ ದೊರೆಯುವ ಪ್ರಮಾಣಗಳು ಮೂರು ಎನ್ನುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಅಂದರೆ ಬರೆಹ, ಅನುಭೋಗ, ಕಂಡವರ ಮಾತು. ಈ ಮೂರೂ ಇಲ್ಲವಾದಾಗ ಮಾತ್ರ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂಬ ದಿವ್ಯಗಳಿಗೆ, ಅಂದರೆ ದೈವಪರೀಕ್ಷೆಗಳಿಗೆ, ಹೋಗಬೇಕು. ತನ್ನ ಭೂಮಿಯನ್ನು ಬೇರೊಬ್ಬ ಅನುಭವಿಸುತ್ತಿರುವುದನ್ನು ಕಣ್ಣಾರೆ ಕಂಡೂ 20 ವರ್ಷ ಸುಮ್ಮನಿದ್ದವನಿಗೆ ನಷ್ಟವಾಗುತ್ತದೆಂಬ ನಿಯಮವೂ ಅಲ್ಲಿದೆ. ದಿವ್ಯಗಳನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಮೊದಲು ಕಾಗದ, ಸ್ವಾಧೀನ, ಸಾಕ್ಷಿ ನೋಡಿ ಎಂಬ ಕ್ರಮ ಇಂದಿನ ಜಮೀನು ವ್ಯಾಜ್ಯ ನಡೆಸುವ ಯಾವ ವಕೀಲರಿಗೂ ಹೊಸದೆನಿಸುವುದಿಲ್ಲ.

ಕಾಯ್ದೆಯ ವ್ಯಾಖ್ಯೆಯನ್ನು ಕನ್ನಡದಲ್ಲಿ ಸಡಿಲವಾಗಿ ಹೇಳುವುದಾದರೆ ಹೀಗಿದೆ. ತನ್ನ ಮುಂದಿರುವ ವಿಷಯಗಳನ್ನು ಪರಿಶೀಲಿಸಿದ ಮೇಲೆ ಸಂಗತಿಯೊಂದು ಇದೆಯೆಂದು ನ್ಯಾಯಾಲಯ ನಂಬಿದರೆ, ಅಥವಾ ಅದು ಇರುವ ಸಂಭವ ಎಷ್ಟು ಬಲವಾಗಿದೆಯೆಂದರೆ ಆ ಸಂದರ್ಭದಲ್ಲಿ ವಿವೇಕಿಯೊಬ್ಬ ಅದು ಇದೆಯೆಂದೇ ಹಿಡಿದು ನಡೆದುಕೊಳ್ಳಬೇಕಾಗುತ್ತದೆ ಎಂದು ನ್ಯಾಯಾಲಯಕ್ಕೆ ತೋರಿದರೆ, ಆ ಸಂಗತಿ ರುಜುವಾತಾಗಿದೆ. ಇಲ್ಲಿ ‘ಸಾಕ್ಷ್ಯ’ ಎನ್ನದೆ ‘ಮುಂದಿರುವ ವಿಷಯಗಳು’ ಎಂದಿರುವುದು ಉದ್ದೇಶಪೂರ್ವಕ. ಸಾಕ್ಷಿಕಟ್ಟೆಯಲ್ಲಿ ನಿಂತವರ ಮಾತು, ಹಾಜರುಪಡಿಸಿದ ದಾಖಲೆ ಇವಷ್ಟೇ ಅಲ್ಲದೆ, ಎದುರಾಳಿಯ ಒಪ್ಪಿಗೆ, ಜಪ್ತಿಯಾದ ವಸ್ತು, ನ್ಯಾಯಾಧೀಶರೇ ನಡೆಸಿದ ಸ್ಥಳ ಪರಿಶೀಲನೆ, ಉತ್ತರ ಹೇಳುವಾಗ ಸಾಕ್ಷಿ ನಡೆದುಕೊಂಡ ರೀತಿ ಇವೂ ಲೆಕ್ಕಕ್ಕೆ ಬರುತ್ತವೆ. ಎರಡನೆಯದು, ಅಳತೆಗೋಲಾಗಿ ಇಟ್ಟಿರುವುದು ಸರ್ವಜ್ಞನನ್ನಲ್ಲ, ವಿವೇಕಿಯನ್ನು. ಗಣಿತದ ಪ್ರಮೇಯಕ್ಕೆ ಇರುವ ಖಚಿತತೆಯನ್ನು ಕಾನೂನು ಕೇಳುವುದಿಲ್ಲ. ಕೇಳಿದರೆ ಯಾವ ಕೊಲೆಯೂ, ಯಾವ ಸಾಲವೂ ಎಂದೂ ರುಜುವಾತಾಗುತ್ತಿರಲಿಲ್ಲ.

ಸಂಗತಿ ಇಲ್ಲವೆಂದು ನ್ಯಾಯಾಲಯ ನಂಬಿದರೆ, ಅಥವಾ ಇಲ್ಲದಿರುವ ಸಂಭವವೇ ಅಷ್ಟು ಬಲವಾಗಿದ್ದರೆ, ಅದು ಸುಳ್ಳೆಂದು ರುಜುವಾತಾದಂತೆ. ಇವೆರಡೂ ಅಲ್ಲದ್ದು ರುಜುವಾತಾಗದೆ ಉಳಿದದ್ದು. ಇಡೀ ಕಾಯ್ದೆಯಲ್ಲಿ ಜನಸಾಮಾನ್ಯರು ಅತಿ ಹೆಚ್ಚು ತಪ್ಪು ತಿಳಿದಿರುವುದು ಈ ಮೂರನೆಯ ಸ್ಥಿತಿಯನ್ನು. ಆರೋಪಿಯೊಬ್ಬರು ಖುಲಾಸೆಯಾದರೆ ‘ಕೇಸು ಸುಳ್ಳೆಂದು ಕೋರ್ಟು ಹೇಳಿತು’ ಎಂದು ಊರೆಲ್ಲ ಮಾತಾಗುತ್ತದೆ, ಪತ್ರಿಕೆಗಳ ತಲೆಬರಹವೂ ಹಾಗೆಯೇ ಬರುತ್ತದೆ. ಬಹುಪಾಲು ಖುಲಾಸೆಗಳಲ್ಲಿ ಕೋರ್ಟು ಹೇಳಿರುವುದು ಅದಲ್ಲ. ಪ್ರಾಸಿಕ್ಯೂಷನ್ ತಂದ ಸಾಕ್ಷ್ಯ ಸಂಶಯವನ್ನು ನೀಗಿಸಲಿಲ್ಲ, ಆದ್ದರಿಂದ ಸಂಶಯದ ಲಾಭ ಆರೋಪಿಗೆ ಎಂದಷ್ಟೇ ಹೇಳಿರುತ್ತದೆ. ದೂರು ಕೊಟ್ಟವರು ಸುಳ್ಳು ಹೇಳಿದರೆಂದು ಇದರಿಂದ ಆಗುವುದಿಲ್ಲ. ಅದನ್ನು ಸ್ಥಾಪಿಸಬೇಕಾದರೆ ಬೇರೆಯೇ ಸಾಕ್ಷ್ಯ ಬೇಕು. ಅತ್ಯಾಚಾರ, ಜಾತಿ ದೌರ್ಜನ್ಯದಂಥ ಪ್ರಕರಣಗಳಲ್ಲಿ ಸಾಕ್ಷಿಗಳು ತಿರುಗಿಬಿದ್ದು ಆರೋಪಿ ಬಿಡುಗಡೆಯಾದಾಗ ದೂರುದಾರರನ್ನೇ ಸುಳ್ಳುಗಾರರೆಂದು ಕರೆಯುವುದು ದೊಡ್ಡ ಅನ್ಯಾಯ. ಅಷ್ಟೇ ಅನ್ಯಾಯ, ಸಂಶಯದ ಲಾಭದಿಂದ ಬಿಡುಗಡೆಯಾದವರನ್ನು ಬದುಕಿಡೀ ಅಪರಾಧಿಯಂತೆ ನೋಡುವುದು. ಅವರ ಮೇಲಿನ ಆರೋಪ ರುಜುವಾತಾಗಿಲ್ಲ, ಕಾನೂನಿನ ಕಣ್ಣಿನಲ್ಲಿ ಅವರು ನಿರಪರಾಧಿಗಳು. ಸೇವಾ ಕಾನೂನು ಮಾತ್ರ ಖುಲಾಸೆಗಳ ನಡುವೆ ಭೇದ ಮಾಡುತ್ತದೆ: ಕಳಂಕವಿಲ್ಲದ ಗೌರವಯುತ ಖುಲಾಸೆಯೇ, ಸಾಕ್ಷ್ಯ ಸಾಲದೆ ಆದ ಖುಲಾಸೆಯೇ ಎಂಬುದು ಇಲಾಖಾ ಶಿಸ್ತು ಕ್ರಮದ ಪ್ರಶ್ನೆ ಬಂದಾಗ ಮುಖ್ಯವಾಗುತ್ತದೆ.

ಸ್ಕಾಟ್ಲೆಂಡ್ ಈ ಮೂರನೆಯ ಸ್ಥಿತಿಯನ್ನು ತೀರ್ಪಿನ ಹೆಸರನ್ನಾಗಿಯೇ ಉಳಿಸಿಕೊಂಡಿತ್ತು. ಅಲ್ಲಿನ ಜ್ಯೂರಿ ‘ಅಪರಾಧಿ’, ‘ಅಪರಾಧಿಯಲ್ಲ’ ಎಂಬುದರ ಜೊತೆಗೆ ‘ರುಜುವಾತಾಗಿಲ್ಲ’ ಎಂದೂ ಹೇಳಬಹುದಾಗಿತ್ತು. ಎರಡನೆಯದಕ್ಕೂ ಮೂರನೆಯದಕ್ಕೂ ಪರಿಣಾಮ ಒಂದೇ, ಬಿಡುಗಡೆ. ಆದರೆ ಮೂರನೆಯದು ಆರೋಪಿಗೆ ಕಳಂಕವನ್ನೂ ದೂರುದಾರರಿಗೆ ಗೊಂದಲವನ್ನೂ ಉಳಿಸುತ್ತದೆಂಬ ಟೀಕೆ ಬಹುಕಾಲದಿಂದ ಇತ್ತು. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಅದನ್ನು ರದ್ದುಪಡಿಸುವ ಮಸೂದೆಗೆ ಒಪ್ಪಿಗೆ ನೀಡಿತು. ಭಾರತದಲ್ಲಿ ‘ರುಜುವಾತಾಗಿಲ್ಲ’ ಎಂಬುದು ಒಂದೊಂದು ಸಂಗತಿಯ ಬಗ್ಗೆ ಬರುವ ನಿರ್ಣಯವೇ ಹೊರತು ಪ್ರತ್ಯೇಕ ತೀರ್ಪಲ್ಲ.

ಯಾರು ರುಜುವಾತುಪಡಿಸಬೇಕು ಎಂಬ ಹೊಣೆಗೆ ರುಜುವಾತಿನ ಭಾರ ಎಂದು ಹೆಸರು. ಸಂಗತಿಯೊಂದು ಇದೆಯೆಂದು ಹೇಳಿ ಅದರ ಆಧಾರದ ಮೇಲೆ ಹಕ್ಕು ಕೇಳುವವರೇ ಅದನ್ನು ರುಜುವಾತುಪಡಿಸಬೇಕೆಂಬುದು ಮೂಲ ನಿಯಮ. ಹೊಸ ಅಧಿನಿಯಮದಲ್ಲಿ ಇದು 104ನೇ ಕಲಂ, ಹಳೆಯದರಲ್ಲಿ 101. ಕರ್ನಾಟಕದ ಸಿವಿಲ್ ನ್ಯಾಯಾಲಯದ ಕನ್ನಡ ತೀರ್ಪೊಂದನ್ನು ತೆರೆದರೆ ಈ ನಿಯಮ ಕಣ್ಣಿಗೆ ಕಾಣುತ್ತದೆ. ವಿವಾದಾಂಶಗಳ ಪಟ್ಟಿಯಲ್ಲಿ ‘ದಾವಾ ಸ್ವತ್ತು ತನ್ನ ಪಿತ್ರಾರ್ಜಿತವೆಂದು ವಾದಿಯು ರುಜುವಾತುಪಡಿಸಿದ್ದಾರೆಯೇ’, ‘ದಾವೆಯು ಕಾಲಮಿತಿಗೆ ಹೊರತಾಗಿದೆಯೆಂದು ಪ್ರತಿವಾದಿಯು ರುಜುವಾತುಪಡಿಸಿದ್ದಾರೆಯೇ’ ಎಂಬಂತೆ ಪ್ರಶ್ನೆಗಳಿರುತ್ತವೆ. ಯಾರ ಹೆಸರು ಆ ವಾಕ್ಯದಲ್ಲಿದೆಯೋ ಭಾರ ಅವರದು. ಮುಂದೆ ಒಂದೊಂದಕ್ಕೂ ‘ಸಕಾರಾತ್ಮಕವಾಗಿ’ ಅಥವಾ ‘ನಕಾರಾತ್ಮಕವಾಗಿ’ ಎಂಬ ಒಂದು ಪದದ ಉತ್ತರ, ಅದರ ಹಿಂದೆ ಪುಟಗಟ್ಟಲೆ ಕಾರಣಗಳು. ಎರಡೂ ಕಡೆ ಸಾಕ್ಷ್ಯವೇ ಬರಲಿಲ್ಲವೆಂದರೆ ಭಾರ ಹೊತ್ತವರು ಸೋಲುತ್ತಾರೆ.

ಒಬ್ಬರಿಗಷ್ಟೇ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವರೇ ವಿವರಿಸಬೇಕೆಂಬ ನಿಯಮವೂ ಇದೆ (ಹಳೆಯ 106, ಹೊಸ 109). ಮನೆಯೊಳಗೆ ಗಂಡ ಹೆಂಡತಿ ಇಬ್ಬರೇ ಇದ್ದ ರಾತ್ರಿ ಹೆಂಡತಿ ಕೊಲೆಯಾದರೆ, ಏನು ನಡೆಯಿತೆಂದು ಗಂಡ ಹೇಳಬೇಕಾಗುತ್ತದೆ. ಆದರೆ ಇದನ್ನು ಹಿಡಿದು ಪ್ರಾಸಿಕ್ಯೂಷನ್ ತನ್ನ ಭಾರವನ್ನೇ ಆರೋಪಿಯ ಹೆಗಲಿಗೆ ದಾಟಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1956ರ ಶಂಭುನಾಥ್ ಮೆಹ್ರಾ ಪ್ರಕರಣದಲ್ಲೇ ಎಚ್ಚರಿಸಿತು. ಮೊದಲು ಪ್ರಾಸಿಕ್ಯೂಷನ್ ತನ್ನ ಪಾಲನ್ನು ರುಜುವಾತುಪಡಿಸಬೇಕು.

ಎಷ್ಟು ರುಜುವಾತು ಸಾಕು ಎಂಬುದು ಬೇರೆ ಪ್ರಶ್ನೆ. ಕಾಯ್ದೆಯಲ್ಲಿ ಸಿವಿಲ್, ಕ್ರಿಮಿನಲ್ ಎಂದು ಎರಡು ವ್ಯಾಖ್ಯೆಗಳಿಲ್ಲ, ಇರುವುದು ಒಂದೇ. ಆದರೆ ವಿವೇಕಿಯಾದವನು ಹತ್ತು ಸಾವಿರ ರೂಪಾಯಿ ಸಾಲದ ಬಗ್ಗೆ ತೀರ್ಮಾನಿಸುವಾಗ ಕೇಳುವ ಖಾತ್ರಿಯೂ, ಒಬ್ಬರನ್ನು ಜೀವಾವಧಿ ಜೈಲಿಗೆ ಕಳಿಸುವಾಗ ಕೇಳುವ ಖಾತ್ರಿಯೂ ಒಂದೇ ಆಗಲಾರವು. ಆದ್ದರಿಂದ ಸಿವಿಲ್ ದಾವೆಯಲ್ಲಿ ಸಂಭವನೀಯತೆ ಯಾವ ಕಡೆ ಹೆಚ್ಚು ವಾಲುತ್ತದೆಂದು ನೋಡಿದರೆ ಸಾಕು, ಕ್ರಿಮಿನಲ್ ಪ್ರಕರಣದಲ್ಲಿ ಸಮಂಜಸವಾದ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಆರೋಪಿಯ ತಪ್ಪನ್ನು ಸ್ಥಾಪಿಸುವ ಹೊಣೆ ಆದ್ಯಂತ ಪ್ರಾಸಿಕ್ಯೂಷನ್‌ನದೇ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1935ರ ವೂಲ್ಮಿಂಗ್ಟನ್ ತೀರ್ಪಿನಲ್ಲಿ ಸಾರಿದ್ದು ನಮ್ಮಲ್ಲೂ ನೆಲೆಗೊಂಡಿದೆ. 1973ರ ಶಿವಾಜಿ ಸಾಹೇಬ್‌ರಾವ್ ಬೋಬಡೆ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಎರಡು ಕಡೆಗೂ ಎಚ್ಚರಿಕೆ ಹೇಳಿದರು: ‘ಮಾಡಿರಬಹುದು’ ಎಂಬಲ್ಲಿಂದ ‘ಮಾಡಿರಲೇಬೇಕು’ ಎಂಬಲ್ಲಿಗೆ ದೂರ ಬಹಳ, ಹಾಗೆಂದು ಎಲ್ಲಿಲ್ಲದ ಸಂಶಯಗಳನ್ನು ಹುಡುಕಿ ಹುಡುಕಿ ತಪ್ಪಿತಸ್ಥರನ್ನು ಬಿಟ್ಟರೆ ಸಮಾಜ ಕಾನೂನಿನ ಮೇಲೆ ನಂಬಿಕೆ ಕಳೆದುಕೊಳ್ಳುತ್ತದೆ. ಆರೋಪಿ ತನ್ನ ಸಮರ್ಥನೆಗಾಗಿ ಏನನ್ನಾದರೂ, ಉದಾಹರಣೆಗೆ ಆತ್ಮರಕ್ಷಣೆಯನ್ನು, ರುಜುವಾತುಪಡಿಸಬೇಕಾಗಿ ಬಂದರೆ ಅವರಿಗೆ ಸಿವಿಲ್ ಮಟ್ಟದ ರುಜುವಾತೇ ಸಾಕು.

ದಾಖಲೆಯೊಂದು ಕೋರ್ಟಿನಲ್ಲಿ ಹೇಗೆ ರುಜುವಾತಾಗುತ್ತದೆ ಎಂಬುದನ್ನು ಉಯಿಲಿನ ಉದಾಹರಣೆಯಿಂದ ಚೆನ್ನಾಗಿ ತಿಳಿಯಬಹುದು. ಇಂಗ್ಲಿಷಿನಲ್ಲಿ ಉಯಿಲಿನ ರುಜುವಾತಿಗೆ ಇರುವ ಪ್ರೊಬೇಟ್ ಎಂಬ ಹೆಸರೂ, ಪ್ರೂವ್ ಎಂಬ ಕ್ರಿಯಾಪದವೂ, ಪರೀಕ್ಷಿಸಿ ನೋಡು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 63ನೇ ಕಲಂ ಪ್ರಕಾರ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿದಾರರು ಸಹಿ ಹಾಕಿರಬೇಕು. ಅವರಲ್ಲಿ ಒಬ್ಬರಾದರೂ ಬದುಕಿದ್ದು ಬರುವ ಸ್ಥಿತಿಯಲ್ಲಿದ್ದರೆ ಅವರನ್ನು ಕೋರ್ಟಿಗೆ ಕರೆಯಲೇಬೇಕು. ಆ ಸಾಕ್ಷಿ ಕಟ್ಟೆ ಹತ್ತಿ ಪ್ರಮಾಣ ಸ್ವೀಕರಿಸುತ್ತಾರೆ. ಬೆಂಚ್ ಕ್ಲರ್ಕ್ ಮೂಲ ಉಯಿಲನ್ನು ಅವರ ಕೈಗೆ ಕೊಡುತ್ತಾರೆ. ವಕೀಲರು ಸಹಿ ತೋರಿಸಿ ಯಾರದೆಂದು ಕೇಳುತ್ತಾರೆ. ‘ಇದು ನನ್ನ ಸಹಿ’ ಎಂದಷ್ಟೇ ಹೇಳಿ ಇಳಿದುಬಿಟ್ಟರೆ ಉಯಿಲು ಸೋತಂತೆ. ಬರೆಸಿದವರು ಸಹಿ ಮಾಡಿದ್ದನ್ನು ತಾನು ಕಂಡೆ, ಅಥವಾ ಅದು ತಮ್ಮ ಸಹಿಯೆಂದು ಅವರು ತನ್ನ ಬಳಿ ಒಪ್ಪಿಕೊಂಡರು, ತಾನೂ ಅವರ ಸಮಕ್ಷಮದಲ್ಲೇ ಸಹಿ ಮಾಡಿದೆ ಎಂಬುದು ಬಾಯಿಂದ ಬರಬೇಕು. ಬಳಿಕ ದಾಖಲೆಯ ಮೇಲೆ ನಿಶಾನೆ ಪಿ-1 ಎಂದು ಗುರುತು ಬೀಳುತ್ತದೆ. ಕಕ್ಷಿದಾರರು ಇದನ್ನು ಕಂಡು ಗೆದ್ದೆವೆಂದುಕೊಳ್ಳುವುದುಂಟು. ಗುರುತು ಬಿದ್ದದ್ದು ದಾಖಲೆ ಕಡತ ಸೇರಿತೆಂಬುದಕ್ಕೆ ಮಾತ್ರ; ಅದರೊಳಗಿನ ಬರೆಹ ನಿಜವೇ ಎಂಬ ತೀರ್ಮಾನ ಪಾಟೀ ಸವಾಲು, ವಾದ ಎಲ್ಲ ಮುಗಿದ ಮೇಲಿನದು. ಉಯಿಲು ನೋಂದಣಿಯಾಗಿದೆ ಎಂಬ ಮಾತ್ರಕ್ಕೂ ರುಜುವಾತಾಗುವುದಿಲ್ಲ.

ಈ ವಿಷಯದಲ್ಲಿ ದೇಶಕ್ಕೆಲ್ಲ ದಾರಿ ತೋರಿಸಿದ ತೀರ್ಪು ಮೈಸೂರಿನಿಂದ ಹೋದ ಮೇಲ್ಮನವಿಯದು. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣದಲ್ಲಿ (1959) ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಬರೆದ ತೀರ್ಪು, ಉಯಿಲು ಬರೆಸುವುದರಲ್ಲಿ ಮುಂದಾಳಾಗಿದ್ದು ಅದರಿಂದ ದೊಡ್ಡ ಲಾಭವನ್ನೂ ಪಡೆಯುವವರು ಎಲ್ಲ ಅನುಮಾನಗಳನ್ನು ನಿವಾರಿಸಬೇಕೆಂದಿತು. ಬರೆಸಿದವರು ಬದುಕಿಲ್ಲ, ಬಂದು ಹೌದು ಅಲ್ಲ ಎನ್ನಲಾರರು. ಆದ್ದರಿಂದ ನ್ಯಾಯಾಲಯದ ಅಂತಃಸಾಕ್ಷಿಗೇ ಒಪ್ಪಿಗೆಯಾಗಬೇಕು. ಕರ್ನಾಟಕದಲ್ಲಿ ಆಸ್ತಿ ಪಾಲಿನ ದಾವೆಗಳಲ್ಲಿ ಉಯಿಲಿನ ಮಾತು ಬಂದಾಗಲೆಲ್ಲ ಇಂದಿಗೂ ಎರಡೂ ಕಡೆಯ ವಕೀಲರು ಈ ತೀರ್ಪನ್ನು ಹಿಡಿದುಕೊಂಡೇ ನಿಲ್ಲುತ್ತಾರೆ.

ಜಮೀನಿನ ವಿಷಯದಲ್ಲಿ ಹಳ್ಳಿಗಳಲ್ಲಿ ಬೇರೂರಿರುವ ನಂಬಿಕೆ, ಪಹಣಿಯಲ್ಲಿ ಹೆಸರಿದ್ದರೆ ಮಾಲೀಕತ್ವ ರುಜುವಾತಾಯಿತೆಂಬುದು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಂ ಹಕ್ಕುದಾಖಲೆಯ ನಮೂದು ಸರಿಯೆಂದು ಭಾವಿಸಲು ಹೇಳುತ್ತದೆ ನಿಜ, ಆದರೆ ಅದು ತಪ್ಪೆಂದು ರುಜುವಾತಾಗುವವರೆಗೆ ಮಾತ್ರ. ಖಾತೆ, ಮ್ಯುಟೇಷನ್, ಪಹಣಿ ಇವು ಕಂದಾಯ ಯಾರು ಕಟ್ಟಬೇಕು, ಸ್ವಾಧೀನ ಯಾರದು ಎಂಬುದಕ್ಕೆ ಆಧಾರ. ಅವು ತಾವಾಗಿಯೇ ಹಕ್ಕನ್ನು ಹುಟ್ಟಿಸವು. ಇನ್ನೊಂದು ತೊಡಕು ಮುದ್ರಾಂಕದ್ದು. ಬಿಳಿ ಹಾಳೆಯ ಮೇಲೆ ಅಥವಾ ಕಡಿಮೆ ಬೆಲೆಯ ಛಾಪಾ ಕಾಗದದ ಮೇಲೆ ಬರೆದ ಪಾಲುಪತ್ರವನ್ನು ಕೋರ್ಟಿಗೆ ತಂದರೆ, ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ 34ನೇ ಕಲಂ ಅಡ್ಡ ನಿಲ್ಲುತ್ತದೆ: ಬಾಕಿ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ. ಬರೆದವರ ಮಾತು ಸತ್ಯವಾಗಿದ್ದರೂ ಕಾಗದ ಮೂಕವಾಗುತ್ತದೆ. ಅಣ್ಣತಮ್ಮಂದಿರ ನಂಬಿಕೆಯ ಮೇಲೆ ಬರೆದುಕೊಂಡ ಎಷ್ಟೋ ಪತ್ರಗಳು ಮೊಮ್ಮಕ್ಕಳ ಕಾಲದಲ್ಲಿ ಬಿದ್ದುಹೋಗುವುದು ಹೀಗೆಯೇ. 30 ವರ್ಷ ದಾಟಿದ, ಇರಬೇಕಾದವರ ಸುಪರ್ದಿನಿಂದಲೇ ಬಂದ ಪತ್ರದ ಸಹಿ ಬರೆಹಗಳನ್ನು ನಿಜವೆಂದು ನ್ಯಾಯಾಲಯ ಭಾವಿಸಬಹುದೆಂಬ ನಿಯಮ ಸ್ವಲ್ಪ ಆಸರೆ.

ಸಾಕ್ಷಿಗಳ ವಿಷಯದಲ್ಲಿ ಕಾನೂನು ತಲೆ ಎಣಿಸುವುದಿಲ್ಲ. ಯಾವ ಸಂಗತಿಯ ರುಜುವಾತಿಗೂ ಇಂತಿಷ್ಟೇ ಸಾಕ್ಷಿಗಳು ಬೇಕೆಂದಿಲ್ಲ (ಹಳೆಯ 134, ಹೊಸ 139). ಪೂರ್ಣ ನಂಬಬಹುದಾದ ಒಬ್ಬರ ಮಾತಿನ ಮೇಲೆ ಕೊಲೆ ಆರೋಪವನ್ನೂ ಎತ್ತಿಹಿಡಿಯಬಹುದೆಂದು 1957ರ ವಡಿವೇಲು ತೇವರ್ ತೀರ್ಪು ಹೇಳಿತು. ಪೂರ್ಣ ನಂಬಲಾಗದವರು ಹತ್ತು ಜನ ಬಂದರೂ ಏನೂ ಆಗದು. ಕಷ್ಟವಿರುವುದು ಇವೆರಡರ ನಡುವಿನವರ ವಿಷಯದಲ್ಲಿ, ಅಲ್ಲಿ ಬೇರೆ ಸಾಕ್ಷ್ಯದ ಬೆಂಬಲ ಬೇಕು. ಕಣ್ಣಾರೆ ಕಂಡವರೇ ಇಲ್ಲದಿದ್ದಾಗ ಸಾಂದರ್ಭಿಕ ಸಾಕ್ಷ್ಯದಿಂದ ರುಜುವಾತು ಮಾಡಬೇಕಾಗುತ್ತದೆ. 1984ರ ಶರದ್ ಬಿರ್ಧಿಚಂದ್ ಸರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ವಿಧಿಸಿದ ಐದು ಸೂತ್ರಗಳ ತಿರುಳೆಂದರೆ, ಪ್ರತಿಯೊಂದು ಸನ್ನಿವೇಶವೂ ತಾನು ಪೂರ್ಣ ರುಜುವಾತಾಗಿರಬೇಕು, ಎಲ್ಲ ಸೇರಿ ಕೊಂಡಿ ತಪ್ಪದ ಸರಪಳಿಯಾಗಬೇಕು, ಆರೋಪಿಯೇ ಮಾಡಿದ್ದೆಂಬುದನ್ನು ಬಿಟ್ಟು ಬೇರೆ ಯಾವ ಊಹೆಗೂ ಅದು ಹೊಂದಬಾರದು.

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತೆಯೇ ಇಲ್ಲ. 1872ರಲ್ಲೇ ಪೊಲೀಸರ ಹಿಂಸೆಯನ್ನು ಬಲ್ಲವರು ಇಟ್ಟ ಕಾವಲು ಇದು, ಇಂದಿಗೂ ಬೇಕಾದದ್ದು. ಅದಕ್ಕೊಂದು ಕಿರುಬಾಗಿಲಿದೆ. ಆರೋಪಿಯ ಮಾತಿನಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಿಸಿದಷ್ಟು ಮಾತನ್ನು ರುಜುವಾತುಪಡಿಸಬಹುದು. ‘ನಾನು ಅವನನ್ನು ಇರಿದ ಚಾಕುವನ್ನು ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ’ ಎಂದು ಆರೋಪಿ ಹೇಳಿ, ಚಾಕು ಸಿಕ್ಕಿತೆನ್ನಿ. ಬಚ್ಚಿಟ್ಟ ಮಾತು ಒಳಬರುತ್ತದೆ, ‘ಇರಿದ’ ಎಂಬುದು ಬರುವುದಿಲ್ಲ. ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಎಳೆದ ಈ ಗೆರೆ ಇಂದಿಗೂ ಅಳಿಸಿಲ್ಲ. ಮೈಯೊಳಗಿನ ಮಾತನ್ನು ಯಂತ್ರ, ಔಷಧಗಳಿಂದ ಹೊರತೆಗೆಯುವ ಪ್ರಯತ್ನಕ್ಕೂ ಕರ್ನಾಟಕದಿಂದ ಹೋದ ಪ್ರಕರಣವೇ ತಡೆಯೊಡ್ಡಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ (ಮೇ 5, 2010) ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆಗಳು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಸಂವಿಧಾನದ 20(3)ನೇ ವಿಧಿಯ ಹಕ್ಕನ್ನೂ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯವನ್ನೂ ಮುರಿಯುತ್ತವೆಂದಿತು.

ಕೆಲವು ಸಂಗತಿಗಳಿಗೆ ಕಾನೂನೇ ಮುಂಭಾವನೆ ಕೊಟ್ಟು ರುಜುವಾತಿನ ಭಾರವನ್ನು ಮಗುಚುತ್ತದೆ. ಮೂರು ಮೆಟ್ಟಿಲುಗಳಿವೆ: ಭಾವಿಸಬಹುದು, ಭಾವಿಸತಕ್ಕದ್ದು, ನಿರ್ಣಾಯಕ ರುಜುವಾತು. ಕೊನೆಯದಕ್ಕೆ ಎದುರು ಸಾಕ್ಷ್ಯವನ್ನೇ ಬಿಡುವುದಿಲ್ಲ. ಚೆಕ್ ಬೌನ್ಸ್ ಪ್ರಕರಣಗಳು ಎರಡನೆಯದಕ್ಕೆ ಸೇರಿದವು. ಚೆಕ್ಕಿನ ಮೇಲಿನ ಸಹಿ ಒಪ್ಪಿಕೊಂಡರೆ ಸಾಲವೂ ಇತ್ತೆಂದು ಭಾವಿಸತಕ್ಕದ್ದೆಂದು, ಆದರೆ ಅದನ್ನು ಅಲ್ಲಗಳೆಯಲು ಆರೋಪಿಗೆ ಸಂಭವನೀಯ ಸಮರ್ಥನೆ ಸಾಕೆಂದು ರಂಗಪ್ಪ ವಿರುದ್ಧ ಶ್ರೀ ಮೋಹನ್ ಎಂಬ, ಕರ್ನಾಟಕದ್ದೇ ಆದ ಪ್ರಕರಣದಲ್ಲಿ 2010ರಲ್ಲಿ ತೀರ್ಮಾನವಾಯಿತು.

ಮುಂಭಾವನೆಯೊಂದು ಹೋರಾಟದಿಂದ ಹುಟ್ಟಿದ್ದೂ ಉಂಟು. ಮಹಾರಾಷ್ಟ್ರದ ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲಾದ ಅತ್ಯಾಚಾರದ ಪ್ರಕರಣದಲ್ಲಿ, ಮೈಮೇಲೆ ಗಾಯಗಳಿಲ್ಲ, ಪ್ರತಿಭಟಿಸಿದ್ದಕ್ಕೆ ಗುರುತಿಲ್ಲ ಎಂದು ಸುಪ್ರೀಂ ಕೋರ್ಟ್ ಪೊಲೀಸರನ್ನು ಖುಲಾಸೆ ಮಾಡಿತು. ಒಪ್ಪಿಗೆ ಇರಲಿಲ್ಲವೆಂಬುದು ರುಜುವಾತಾಗದ್ದನ್ನು ಒಪ್ಪಿಗೆ ಇತ್ತೆಂದೇ ಓದಿದ ತೀರ್ಪು ಅದು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ ಕೇಳ್ಕರ್ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು, ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಕಾಯ್ದೆಗೆ 114ಎ ಕಲಂ ಸೇರಿತು: ಠಾಣೆಯಂಥ ವಶದಲ್ಲಿರುವಾಗ ಸಂಭೋಗ ನಡೆದದ್ದು ರುಜುವಾತಾಗಿ, ತಾನು ಒಪ್ಪಿರಲಿಲ್ಲವೆಂದು ಮಹಿಳೆ ನ್ಯಾಯಾಲಯದಲ್ಲಿ ಹೇಳಿದರೆ, ಒಪ್ಪಿರಲಿಲ್ಲವೆಂದೇ ಭಾವಿಸತಕ್ಕದ್ದು. ಹೊಸ ಅಧಿನಿಯಮದಲ್ಲಿ ಇದು 120ನೇ ಕಲಂ.

ಇತ್ತೀಚೆಗೆ ರುಜುವಾತಿನ ತಕರಾರುಗಳು ಹೆಚ್ಚಾಗಿ ಏಳುವುದು ಮೊಬೈಲು, ಸಿಸಿಟಿವಿ, ವಾಟ್ಸ್‌ಆ್ಯಪ್ ಸಂದೇಶಗಳ ಸುತ್ತ. ಇಂಥ ದಾಖಲೆಯ ಪ್ರತಿಯನ್ನು ಕೊಡುವಾಗ, ಅದು ಯಾವ ಸಾಧನದಿಂದ ಹೇಗೆ ತೆಗೆದದ್ದೆಂಬ ಪ್ರಮಾಣಪತ್ರ ಕಡ್ಡಾಯವೆಂದು 2014ರ ಅನ್ವರ್ ಪಿ.ವಿ. ತೀರ್ಪು ಹೇಳಿತು, 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ತೀರ್ಪು ಅದನ್ನು ಖಚಿತಪಡಿಸಿತು. ಹೊಸ ಅಧಿನಿಯಮದ 63ನೇ ಕಲಂ ಇದನ್ನು ಇನ್ನೂ ಬಿಗಿಗೊಳಿಸಿದೆ. ಪ್ರಮಾಣಪತ್ರದ ಎ ಭಾಗವನ್ನು ದಾಖಲೆ ಹಾಜರುಪಡಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ, ಅದನ್ನು ಯಾವ ವಿಧಾನದಿಂದ ಲೆಕ್ಕಹಾಕಿದರೆಂಬುದನ್ನೂ ಬರೆಯಬೇಕು. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಈ ಮೌಲ್ಯ ಬೇರೆಯಾಗುವುದರಿಂದ ತಿದ್ದುಪಡಿಯನ್ನು ಹಿಡಿಯಬಹುದು. ಬೆದರಿಕೆಯ ಸಂದೇಶ ಬಂದ ಸಾಮಾನ್ಯ ಮಹಿಳೆಗೆ ಬಿ ಭಾಗ ತುಂಬುವ ತಜ್ಞರು ತಾಲ್ಲೂಕು ಮಟ್ಟದಲ್ಲಿ ಸುಲಭವಾಗಿ ದೊರೆಯಬೇಕಾದ ವ್ಯವಸ್ಥೆ ಸರ್ಕಾರದಿಂದ ಆಗಬೇಕು. ಇಲ್ಲವಾದರೆ ಕಾನೂನಿನ ಈ ಜಾಗರೂಕತೆಯೇ ಅವರ ರುಜುವಾತಿಗೆ ಅಡ್ಡಿಯಾಗುತ್ತದೆ. ಪ್ರಮಾಣಪತ್ರ ಮೊದಲೇ ಕೊಟ್ಟಿಲ್ಲವೆಂದು ಸಾಕ್ಷ್ಯವೆಲ್ಲ ವ್ಯರ್ಥವಾಗಬೇಕಿಲ್ಲ. 2008ರ ಬೆಂಗಳೂರು ಸರಣಿ ಸ್ಫೋಟದ ಮೊಕದ್ದಮೆಯಲ್ಲಿ ಅದನ್ನು ತಡವಾಗಿ ಹಾಜರುಪಡಿಸಲು ವಿಚಾರಣಾ ನ್ಯಾಯಾಲಯವೂ ಹೈಕೋರ್ಟೂ ಒಪ್ಪದಿದ್ದಾಗ, 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. ವಿಚಾರಣೆ ಮುಗಿದಿಲ್ಲದಿದ್ದರೆ, ಆರೋಪಿಗೆ ಅದನ್ನು ಎದುರಿಸುವ ಅವಕಾಶವಿದ್ದರೆ, ಪ್ರಮಾಣಪತ್ರವನ್ನು ಆಮೇಲೂ ಕೊಡಬಹುದೆಂಬುದು ಈಗಿರುವ ನಿಯಮ.